ತಪ್ಪೆಲ್ಲ ಬ್ಯಾಟರಿಯದ್ದೇ?

ಬೆಳಗ್ಗೆ ಕೆಲಸಕ್ಕೆ ಹೊರಟವರು ಸೆಲ್ಫ್ ಬಟನ್ ಒತ್ತುತ್ತಾರೆ. ಗಾಡಿ ಎತ್ತುವುದಿಲ್ಲ. ಇನ್ನೆರಡು ಸಲ ಒತ್ತಿ, ಬೀಗ ತಿರುಗಿಸಿ ಮತ್ತೊಮ್ಮೆ ಒತ್ತಿ, ಕೊನೆಗೆ ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋಗುತ್ತಾರೆ. ಅಲ್ಲಿಯೂ ಒಂದು ಸಲ ಬಟನ್ ಒತ್ತಿ ನೋಡುವುದಾಗುತ್ತದೆ. ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕ್ಬೇಕು’ ಎಂಬ ತೀರ್ಪು ಬರುತ್ತದೆ. ಸಾವಿರದ ಮೇಲೆ ಹಣ ಕೈಬಿಡುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ, ಎಲ್ಲರಿಗೂ ಸಮಾಧಾನ. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಗಾಡಿ ಅದೇ ಜಾಗದಲ್ಲಿ ನಿಂತಿರುತ್ತದೆ.

ಬ್ಯಾಟರಿಯ ತಲೆಗೆ ಕಟ್ಟುವ ದೋಷಗಳಲ್ಲಿ ಎಷ್ಟೋ ಅದರದ್ದಲ್ಲ. ತುಕ್ಕು ಹಿಡಿದ ಅರ್ಥ್ ಬೋಲ್ಟು, ಒಳಗೆ ಸುಟ್ಟುಹೋದ ರಿಲೇ, ಸೆಲ್ಫ್ ಮೋಟಾರಿನಲ್ಲಿ ಸವೆದ ಕಾರ್ಬನ್, ಚಾರ್ಜ್ ಕೊಡದ ಕಾಯಿಲ್, ಕೆಸರು ತುಂಬಿದ ಸೈಡ್ ಸ್ಟ್ಯಾಂಡ್ ಸ್ವಿಚ್ಚು, ಇವೆಲ್ಲವೂ ಸವಾರನಿಗೆ ಕಾಣಿಸುವುದು ಒಂದೇ ರೂಪದಲ್ಲಿ: ಗಾಡಿ ಎತ್ತುತ್ತಿಲ್ಲ. ಹೊಸ ಬ್ಯಾಟರಿ ಹಾಕಿದಾಗ ಅದರ ಮೈಯಲ್ಲಿ ತುಂಬು ಕಸುವು ಇರುವುದರಿಂದ ಕೆಟ್ಟ ಜೋಡಣೆಯನ್ನೂ ದಾಟಿ ಮೋಟಾರನ್ನು ತಿರುಗಿಸಿಬಿಡುತ್ತದೆ. ಹಾಗಾಗಿ ರೋಗ ವಾಸಿಯಾದಂತೆ ತೋರುತ್ತದೆ. ಕಸುವು ಸ್ವಲ್ಪ ಇಳಿದ ದಿನ ಮೂಲ ರೋಗ ಮತ್ತೆ ತಲೆ ಎತ್ತುತ್ತದೆ. ಮೊದಲು ಕಿವಿಗೊಟ್ಟು ಕೇಳಬೇಕು, ಆಮೇಲೆ ಮೀಟರ್ ಹಿಡಿದು ಅಳೆಯಬೇಕು, ಹಣ ಬಿಚ್ಚುವುದು ಕೊನೆಗೆ. ಈ ಕ್ರಮವನ್ನು ಪ್ರತಿಯೊಬ್ಬ ಸವಾರನೂ ಕಲಿಯಬೇಕು ಎಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಏಕೆಂದರೆ ಎಷ್ಟೋ ಗಾಡಿಗಳಲ್ಲಿ ಈಗ ಕಿಕ್ಕರ್ ಇಲ್ಲ.

ಎಲೆಕ್ಟ್ರಿಕ್ ಸ್ಟಾರ್ಟರಿನ ಹಣೆಬರಹ ಹುಟ್ಟಿನಿಂದಲೇ ಬ್ಯಾಟರಿಗೆ ಕಟ್ಟಿಕೊಂಡದ್ದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ‘ಇಂಡಿಯನ್’ ಮೋಟಾರ್‌ಸೈಕಲ್ ತಯಾರಿಸುತ್ತಿದ್ದ ಹೆಂಡೀ ಕಂಪನಿ 1914ರಲ್ಲಿ ‘ಹೆಂಡೀ ಸ್ಪೆಷಲ್’ ಎಂಬ ಗಾಡಿಗೆ ಸೆಲ್ಫ್ ಕೂಡಿಸಿ ಮಾರುಕಟ್ಟೆಗೆ ಬಿಟ್ಟಿತು. ಆ ಕಾಲದ ಬ್ಯಾಟರಿಗಳು ಆ ಕೆಲಸ ತಾಳಲಿಲ್ಲ, ಚಾರ್ಜ್ ನಿಲ್ಲಲಿಲ್ಲ. ಕಂಪನಿ ಆ ಮಾದರಿಯನ್ನು ಬೇಗನೆ ಕೈಬಿಟ್ಟಿತು. ದೊಡ್ಡ ಮೋಟಾರ್‌ಸೈಕಲ್ಲಿಗೆ ಸೆಲ್ಫ್ ಇರುವುದು ಸಹಜ ಎನ್ನುವ ಮಟ್ಟಕ್ಕೆ ಬಂದದ್ದು 1969ರಲ್ಲಿ ಹೋಂಡಾ ಸಿಬಿ750 ಬಂದ ಮೇಲೆ. ನಮ್ಮ ದೇಶದ ಮನೆಮನೆಗೆ ಬಟನ್ ಸ್ಟಾರ್ಟಿನ ರುಚಿ ಹತ್ತಿಸಿದ್ದು 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರ್. ಸೀರೆಯುಟ್ಟು ಕಚೇರಿಗೆ ಹೋಗುವ ಹೆಂಗಸರಿಗೆ, ಮೊಣಕಾಲು ನೋವಿನ ಹಿರಿಯರಿಗೆ ಅದು ಬಿಡುಗಡೆಯೇ ಆಗಿತ್ತು.

ಅಲ್ಲಿಯವರೆಗೆ ಕಾಲೇ ಸ್ಟಾರ್ಟರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತಿತ್ತು. ಪಾಯಿಂಟ್ ಇಗ್ನಿಷನ್ನಿನ ಹಳೆಯ ಬುಲೆಟ್ಟಿನಲ್ಲಿ ಹೆಡ್‌ಲೈಟಿನ ಮೇಲಿದ್ದ ಆಂಪಿಯರ್ ಮೀಟರ್ ನೋಡದೆ ಕಿಕ್ ಹೊಡೆಯುವಂತಿರಲಿಲ್ಲ. ಬೀಗ ಆನ್ ಮಾಡಿ ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ ಪಾಯಿಂಟ್ ತೆರೆದುಕೊಂಡ ಕ್ಷಣ ಮುಳ್ಳು ಮೈನಸ್ ಕಡೆಯಿಂದ ನಡುವಿಗೆ ಬರುತ್ತಿತ್ತು. ಅಲ್ಲಿ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಹಿಡಿದು ಪಿಸ್ಟನ್ನನ್ನು ತುಸು ಮುಂದೆ ದಾಟಿಸಿ, ಆಮೇಲೆ ಮೈಭಾರ ಹಾಕಿ ಒದೆಯಬೇಕು. ಗಾಡಿಯ ವಿದ್ಯುತ್ತು ಎತ್ತ ಹರಿಯುತ್ತಿದೆ ಎಂಬುದನ್ನು ಸವಾರ ದಿನವೂ ಕಣ್ಣಾರೆ ನೋಡುತ್ತಿದ್ದ ಕಾಲ ಅದು. ಚಾರ್ಜ್ ಬರುತ್ತಿಲ್ಲ ಎಂದರೆ ಮುಳ್ಳೇ ಹೇಳುತ್ತಿತ್ತು. ಇಂದಿನ ಗಾಡಿಗಳ ಡಿಜಿಟಲ್ ಮೀಟರಿನಲ್ಲಿ ಸರಾಸರಿ ಮೈಲೇಜ್, ಮೊಬೈಲ್ ಕರೆ, ದಾರಿ ತೋರಿಸುವ ಬಾಣ ಎಲ್ಲ ಇದೆ. ಹೆಚ್ಚಿನವುಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಮಾತ್ರ ಇಲ್ಲ. ಇದೊಂದು ಅಂಕಿ ಎಲ್ಲ ಗಾಡಿಗಳಲ್ಲೂ ಇರಬೇಕಿತ್ತು.

ಕಿಕ್ಕರ್ ಇದ್ದಾಗ ಬ್ಯಾಟರಿ ಸತ್ತರೂ ನಡೆಯುತ್ತಿತ್ತು. ಹಳೆಯ ಎಷ್ಟೋ 100 ಸಿಸಿ ಗಾಡಿಗಳಲ್ಲಿ ಕಿಡಿಗೆ ಬೇಕಾದ ವಿದ್ಯುತ್ತು ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಕಿಡಿ ಹುಟ್ಟಿಸುವ ಸಿಡಿಐ ಘಟಕಕ್ಕೆ ಹೋಗುತ್ತಿತ್ತು. ಪೆಟ್ರೋಲು ತನ್ನ ಪಾಡಿಗೆ ಕಾರ್ಬುರೇಟರಿಗೆ ಇಳಿಯುತ್ತಿತ್ತು. ಬ್ಯಾಟರಿ ಕಳಚಿಟ್ಟು ಊರು ತಿರುಗಿದವರೂ ಇದ್ದರು. 2020ರ ಏಪ್ರಿಲ್‌ನಲ್ಲಿ ಬಿಎಸ್–6 ನಿಯಮ ಬಂದು ಫ್ಯುಯೆಲ್ ಇಂಜೆಕ್ಷನ್ ಎಲ್ಲೆಡೆ ಹಬ್ಬಿದ ಮೇಲೆ ಲೆಕ್ಕವೇ ಬದಲಾಯಿತು. ಟ್ಯಾಂಕಿನೊಳಗಿನ ಪಂಪು, ಇಂಜೆಕ್ಟರ್, ಅವನ್ನು ನಿಯಂತ್ರಿಸುವ ಇಸಿಯು ಮೂರಕ್ಕೂ ವಿದ್ಯುತ್ತು ಬೇಕು. ಬೀಗ ಆನ್ ಮಾಡಿದಾಗ ಟ್ಯಾಂಕಿನಿಂದ ‘ಜುಯ್’ ಎಂದು ಎರಡು ಕ್ಷಣ ಕೇಳಿಸುವ ಸದ್ದು ಆ ಪಂಪಿನದು. ಬ್ಯಾಟರಿ ಪೂರ್ತಿ ಇಳಿದು ಆ ಸದ್ದೂ ಕೇಳಿಸದಿದ್ದರೆ ಗಾಡಿಯನ್ನು ಎಷ್ಟು ತಳ್ಳಿದರೂ ಬೆವರು ಹರಿಯುವುದೇ ಬಂತು. ಪಂಪು ಸದ್ದು ಮಾಡುತ್ತಿದ್ದು ಸೆಲ್ಫ್ ಮಾತ್ರ ಎತ್ತುತ್ತಿಲ್ಲವಾದರೆ ಎರಡನೇ ಗೇರಿನಲ್ಲಿಟ್ಟು ಇಳಿಜಾರಿನಲ್ಲಿ ತಳ್ಳಿ ನೋಡಬಹುದು. ಗೇರಿಲ್ಲದ ಸ್ಕೂಟರುಗಳಿಗೆ ಆ ದಾರಿಯೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಹೊರಬರುವ ನರ್ಸ್, ನಸುಕಿನಲ್ಲಿ ಡೈರಿಗೆ ಹಾಲು ಒಯ್ಯುವ ರೈತ, ಇವರ ಪಾಲಿಗೆ ಆ ಬಟನ್ ಕೆಲಸ ಮಾಡುವುದು ಆ ದಿನದ ದುಡಿಮೆಯ ಪ್ರಶ್ನೆ.

ಕಿವಿಯಿಂದ ಶುರು

ಬಟನ್ ಒತ್ತಿದಾಗ ನಡೆಯುವುದು ಇಷ್ಟು. ಬ್ಯಾಟರಿಯಿಂದ ಹೊರಟ ದಪ್ಪ ಕೇಬಲ್ ರಿಲೇಗೆ ಬರುತ್ತದೆ, ರಿಲೇಯಿಂದ ಇನ್ನೊಂದು ದಪ್ಪ ಕೇಬಲ್ ಸೆಲ್ಫ್ ಮೋಟಾರಿಗೆ ಹೋಗುತ್ತದೆ. ಮೋಟಾರಿನಿಂದ ಎಂಜಿನ್ನಿನ ಲೋಹದ ಮೈಯ ಮೂಲಕ, ಅರ್ಥ್ ಕೇಬಲ್ ಹಿಡಿದು ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ. ನಾವು ಒತ್ತುವ ಬಟನ್ನಿಗೆ ಈ ಭಾರೀ ಕರೆಂಟಿನ ಸಂಬಂಧವಿಲ್ಲ. ಅದು ಸಣ್ಣ ವೈರಿನಲ್ಲಿ ರಿಲೇಯೊಳಗಿನ ಸುರುಳಿಗೆ ಸ್ವಲ್ಪ ವಿದ್ಯುತ್ತು ಕಳಿಸುತ್ತದೆ, ಸುರುಳಿ ಅಯಸ್ಕಾಂತವಾಗಿ ದಪ್ಪ ತಾಮ್ರದ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ನಮಗೆ ಕೇಳಿಸುವ ‘ಟಕ್’ ಅದು.

ಈಗ ಬಟನ್ ಒತ್ತಿದರೆ ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿದೆ ಎನ್ನಿ. ರಿಲೇ ಬಿಲ್ಲೆ ಅಂಟಿದೊಡನೆ ಮೋಟಾರು ದೊಡ್ಡ ಕರೆಂಟು ಎಳೆಯುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಆ ಎಳೆತಕ್ಕೆ ವೋಲ್ಟೇಜ್ ಕುಸಿಯುತ್ತದೆ. ಎಷ್ಟು ಕುಸಿಯುತ್ತದೆಂದರೆ ರಿಲೇಯ ಸುರುಳಿಗೂ ಬಿಲ್ಲೆ ಹಿಡಿದಿಡಲು ಬಲ ಸಾಲದೆ ಬಿಟ್ಟುಬಿಡುತ್ತದೆ. ಬಿಟ್ಟೊಡನೆ ಭಾರ ಇಳಿದು ವೋಲ್ಟೇಜ್ ಮೇಲೇಳುತ್ತದೆ, ಬಿಲ್ಲೆ ಮತ್ತೆ ಅಂಟುತ್ತದೆ, ಮತ್ತೆ ಕುಸಿಯುತ್ತದೆ. ಈ ಸದ್ದು ಕೇಳಿದರೆ ಬ್ಯಾಟರಿ ಇಳಿದಿರಬೇಕು ಇಲ್ಲವೇ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿರಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಸ್ಕ್ರೂಡ್ರೈವರ್ ತೆಗೆದು ಎರಡೂ ಟರ್ಮಿನಲ್ ಬಿಗಿ ಮಾಡುವುದಕ್ಕೆ ಎರಡು ನಿಮಿಷ ಸಾಕು.

ಒಂದೇ ಒಂದು ‘ಟಕ್’ ಕೇಳಿ ಆಮೇಲೆ ಏನೂ ಇಲ್ಲ ಎಂದಾದರೆ ಕಥೆ ಬೇರೆ. ರಿಲೇ ತನ್ನ ಕೆಲಸ ಮಾಡಿದೆ, ಮೋಟಾರು ತಿರುಗಿಲ್ಲ. ಇಲ್ಲಿ ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆ ಇದೆ. ಬ್ರೇಕ್ ಹಿಡಿದು ಹಿಂದಿನ ಕೆಂಪು ದೀಪ ಗೋಡೆಗೆ ಬೀಳುವಂತೆ ನಿಲ್ಲಿಸಿ, ಸೆಲ್ಫ್ ಒತ್ತಿ. ಬೆಳಕು ಸತ್ತೇಹೋಗುವಷ್ಟು ಮಂಕಾದರೆ ಕರೆಂಟು ಎಳೆಯಲ್ಪಡುತ್ತಿದೆ, ಬ್ಯಾಟರಿ ಅಥವಾ ಅದರ ಟರ್ಮಿನಲ್ ಜೋಡಣೆ ತಾಳುತ್ತಿಲ್ಲ. ಮೋಟಾರೋ ಎಂಜಿನ್ನೋ ಒಳಗೆ ಹಿಡಿದುಕೊಂಡಿದ್ದರೂ ಹೀಗಾಗುತ್ತದೆ. ಬೆಳಕು ಒಂದಿಷ್ಟೂ ಕುಗ್ಗದಿದ್ದರೆ ಕರೆಂಟು ಮೋಟಾರಿನೊಳಗೆ ಹೋಗುತ್ತಲೇ ಇಲ್ಲ. ರಿಲೇಯ ಬಿಲ್ಲೆ ಸುಟ್ಟು ಕಪ್ಪಾಗಿರಬಹುದು, ಮೋಟಾರಿನ ಕಾರ್ಬನ್ ಸವೆದು ಸಿಕ್ಕಿಕೊಂಡಿರಬಹುದು. ಆಗ ಬ್ಯಾಟರಿ ಬದಲಿಸಿದರೆ ಹಣ ಮಣ್ಣುಪಾಲು.

ಕಾರ್ಬನ್ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಮೋಟಾರಿನೊಳಗೆ ತಿರುಗುವ ಆರ್ಮೇಚರಿಗೆ ವಿದ್ಯುತ್ತು ತಲುಪಿಸುವ ಈ ಚಿಕ್ಕ ಇಟ್ಟಿಗೆಗಳು ಉಜ್ಜಿ ಉಜ್ಜಿ ಸವೆಯುತ್ತವೆ, ಅವುಗಳ ಹುಡಿಯೇ ಒಳಗೆಲ್ಲ ತುಂಬುತ್ತದೆ. ಒಂದು ದಿನ ಎತ್ತುತ್ತದೆ, ಇನ್ನೊಂದು ದಿನ ಎತ್ತುವುದಿಲ್ಲ ಎಂಬ ಚಂಚಲ ಲಕ್ಷಣ ಹೆಚ್ಚಾಗಿ ಇದರದ್ದು. ಅನುಭವಸ್ಥ ಮೆಕ್ಯಾನಿಕ್ ಮೋಟಾರಿನ ಮೈಗೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿ, ಆಗಲೇ ಬಟನ್ ಒತ್ತುತ್ತಾನೆ. ತಟ್ಟಿದಾಗ ತಿರುಗಿತೆಂದರೆ ಕಾರ್ಬನ್ ಸವೆದಿದೆ ಎಂದೇ ಅರ್ಥ. ಜೋರಾಗಿ ಹೊಡೆಯಬಾರದು, ಒಳಗಿನ ಅಯಸ್ಕಾಂತ ಬಿರುಕು ಬಿಡುತ್ತದೆ. ಕಾರ್ಬನ್ ಸೆಟ್ಟಿನ ಬೆಲೆ ಇಡೀ ಮೋಟಾರಿನ ಬೆಲೆಯ ಒಂದು ಸಣ್ಣ ಪಾಲು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹೆಚ್ಚಿನ ಗಾಡಿಗಳಿಗೆ ಸಿಗುತ್ತದೆ. ಇಡೀ ಮೋಟಾರನ್ನೇ ಬದಲಿಸಬೇಕು ಎಂದವರನ್ನು ‘ಒಳಗೆ ಬಿಚ್ಚಿ ನೋಡಿದಿರಾ?’ ಎಂದು ಕೇಳುವ ಹಕ್ಕು ಗ್ರಾಹಕನಿಗೆ ಇದೆ.

ಸದ್ದೇ ಇಲ್ಲದಿದ್ದರೆ ದೋಷ ಸಣ್ಣ ವೈರಿನ ಕಡೆಗೆ ಸರಿಯುತ್ತದೆ. ಮೊದಲು ಬಲಗೈ ಬಳಿಯ ಕೆಂಪು ಕಿಲ್ ಸ್ವಿಚ್ಚು ನೋಡಿ. ಮಕ್ಕಳು ಆಡುತ್ತ ಒತ್ತಿಟ್ಟಿರುತ್ತಾರೆ. ಆಮೇಲೆ ಸೈಡ್ ಸ್ಟ್ಯಾಂಡ್, ಕ್ಲಚ್ ಹಿಡಿ, ನ್ಯೂಟ್ರಲ್ ದೀಪ. ಸ್ಕೂಟರಾದರೆ ಬ್ರೇಕ್ ಹಿಡಿಯದೆ ಸೆಲ್ಫ್ ಹೊಡೆಯುವುದಿಲ್ಲ, ಬ್ರೇಕ್ ಹಿಡಿಯ ಕೆಳಗಿನ ಪುಟ್ಟ ಸ್ವಿಚ್ಚು ಕೆಟ್ಟರೆ ಇಡೀ ಗಾಡಿ ಕೆಟ್ಟಂತೆ ಕಾಣುತ್ತದೆ. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಈ ದೂರು ಬರುವುದು ಮಾಮೂಲು. ಜೋರಿನ ನೀರು ಸ್ವಿಚ್ಚುಗಳ, ಕಪ್ಲರುಗಳ ಒಳಗೆ ನುಗ್ಗಿರುತ್ತದೆ. ಒಣಗಲು ಬಿಟ್ಟು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಅರ್ಧಕ್ಕರ್ಧ ಸರಿಹೋಗುತ್ತದೆ. ಬೀಗ ತಿರುಗಿಸಿದರೂ ಮೀಟರಿನಲ್ಲಿ ಒಂದೂ ದೀಪ ಹೊತ್ತದಿದ್ದರೆ ಮೇನ್ ಫ್ಯೂಸ್ ನೋಡಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತುವ ಕೆಲಸ ದಯವಿಟ್ಟು ಬೇಡ. ಮುಂದಿನ ಸಲ ಸುಡುವುದು ವೈರಿಂಗ್ ಮತ್ತು ಅದರ ಮೇಲಿನ ಪೆಟ್ರೋಲ್ ಟ್ಯಾಂಕ್.

ಮೋಟಾರು ಗಿರ್ರನೆ ತಿರುಗಿ ಎಂಜಿನ್ ಮಾತ್ರ ಅಲ್ಲಾಡದಿದ್ದರೆ ಮೋಟಾರಿಗೂ ಎಂಜಿನ್ನಿಗೂ ನಡುವಿನ ಒನ್‌ವೇ ಕ್ಲಚ್ ಜಾರುತ್ತಿದೆ. ಇದು ಎಂಜಿನ್ನಿನ ಪಕ್ಕ ಬಿಚ್ಚಿ ಮಾಡುವ ಕೆಲಸ, ವಿದ್ಯುತ್ತಿನದ್ದಲ್ಲ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲು, ಪ್ಲಗ್ಗುಗಳ ಕಡೆ ಹೋಗಬೇಕು.

ಮೀಟರ್ ಹಿಡಿದು ನೋಡುವುದು

ಕೆಲವೇ ನೂರು ರೂಪಾಯಿಗೆ ಡಿಜಿಟಲ್ ಮಲ್ಟಿಮೀಟರ್ ಸಿಗುತ್ತದೆ. ಡಿಸಿ 20 ವೋಲ್ಟಿಗೆ ತಿರುಗಿಸಿ ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿದರೆ ಆಯಿತು. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯೊಳಗೆ ಆರು ಸೆಲ್‌ಗಳಿದ್ದು ಪ್ರತಿಯೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ರಾತ್ರಿಯಿಡೀ ಸುಮ್ಮನೆ ನಿಂತ ಗಾಡಿಯಲ್ಲಿ ಬೆಳಗ್ಗೆ 12.6ರಿಂದ 12.8 ತೋರಿಸಿದರೆ ಬ್ಯಾಟರಿ ತುಂಬಿದೆ. 12.4ಕ್ಕೆ ಇಳಿದಿದ್ದರೆ ಮುಕ್ಕಾಲು, 12.2ಕ್ಕೆ ಅರ್ಧ. 12.0ರ ಹತ್ತಿರ ಬಂದಿದ್ದರೆ ಬಹುತೇಕ ಖಾಲಿ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ತೋರಿಸುತ್ತಿದೆಯಲ್ಲ, ಸರಿಯಿದೆ ಎಂದುಕೊಂಡು ಮೋಸಹೋಗುವವರು ಬಹಳ. ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೂ ಅಂಕಿ ಸುಳ್ಳು ಹೇಳುತ್ತದೆ, ಮೇಲ್ಮೇಲಿನ ಚಾರ್ಜ್ ಇಳಿಯಲು ಕೆಲವು ಗಂಟೆ ಬಿಡಬೇಕು.

ನಿಂತಾಗಿನ ಅಂಕಿ ಅರ್ಧ ಸತ್ಯ ಮಾತ್ರ. ಮುದಿಯಾದ ಬ್ಯಾಟರಿಯೂ ಸುಮ್ಮನಿದ್ದಾಗ 12.6 ತೋರಿಸಬಲ್ಲದು. ಮೀಟರ್ ಹಿಡಿದುಕೊಂಡೇ ಇನ್ನೊಬ್ಬರಿಂದ ಸೆಲ್ಫ್ ಒತ್ತಿಸಿ. ಮೋಟಾರು ಎಂಜಿನ್ ತಿರುಗಿಸುತ್ತಿರುವಾಗ 10 ವೋಲ್ಟಿನ ಮೇಲೆ ನಿಂತರೆ ಬ್ಯಾಟರಿ ಗಟ್ಟಿ. ಪೂರ್ತಿ ಚಾರ್ಜ್ ಮಾಡಿದ ಮೇಲೂ 9.5ರ ಕೆಳಗೆ ಧುಮುಕಿದರೆ ಅದರ ಕಾಲ ಮುಗಿದಿದೆ ಎಂದು ಧೈರ್ಯವಾಗಿ ಹೇಳಬಹುದು. ‘ಚಾರ್ಜ್ ಮಾಡಿದ ಮೇಲೂ’ ಎಂಬ ಮಾತು ಮುಖ್ಯ. ಇಳಿದ ಬ್ಯಾಟರಿಗೂ ಸತ್ತ ಬ್ಯಾಟರಿಗೂ ವ್ಯತ್ಯಾಸ ತಿಳಿಯುವುದು ಚಾರ್ಜ್ ಮಾಡಿ ನೋಡಿದಾಗಲೇ. ಆ ಒಂದು ದಿನದ ತಾಳ್ಮೆ ಇಲ್ಲದ್ದರಿಂದ ಎಷ್ಟು ಒಳ್ಳೆಯ ಬ್ಯಾಟರಿಗಳು ಗುಜರಿಗೆ ಹೋಗುತ್ತಿವೆಯೋ ಎಂದು ನನಗೆ ಸಂಕಟವಾಗುತ್ತದೆ.

ಬ್ಯಾಟರಿಯ ಕಂಬಗಳ ಮೇಲೆ 11 ವೋಲ್ಟ್ ಇದ್ದೂ ಮೋಟಾರು ಏದುಸಿರು ಬಿಡುತ್ತಿದ್ದರೆ ವೋಲ್ಟೇಜ್ ನಡುದಾರಿಯಲ್ಲಿ ಸೋರುತ್ತಿದೆ. ಮಾಳಿಗೆಯ ಟ್ಯಾಂಕು ತುಂಬಿದ್ದರೂ ಪೈಪಿನಲ್ಲಿ ಕಸ ಕಟ್ಟಿದ್ದರೆ ನಲ್ಲಿ ಸಣ್ಣಗೆ ಬಿಟ್ಟಾಗ ಸರಿಯಾಗಿ ಬಂದು, ಪೂರ್ತಿ ತಿರುಗಿಸಿದಾಗ ಸೊರಗುತ್ತದಲ್ಲ, ಹಾಗೆ. ಲೆಕ್ಕ ಹಾಕಿ ನೋಡಿ: ಒಂದು ಜೋಡಣೆಯಲ್ಲಿ 0.02 ಓಮ್ ಪ್ರತಿರೋಧ ಇದ್ದರೆ ಅರ್ಧ ಆಂಪಿಯರಿನ ಹಿಂದಿನ ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. 80 ಆಂಪಿಯರ್ ಎಳೆಯುವ ಸೆಲ್ಫ್ ಮೋಟಾರಿಗೆ ಅದೇ ಜಾಗದಲ್ಲಿ 1.6 ವೋಲ್ಟ್ ನಷ್ಟ. ದೀಪ, ಹಾರ್ನ್ ಎಲ್ಲ ಸರಿಯಿದ್ದು ಸೆಲ್ಫ್ ಮಾತ್ರ ಎತ್ತದಿರುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ಕಂಡುಹಿಡಿಯುವುದು ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು ಸೆಲ್ಫ್ ಒತ್ತಿ. 0.2, 0.3ಕ್ಕಿಂತ ಹೆಚ್ಚು ಬಂದರೆ ಅರ್ಥ್ ಕೆಟ್ಟಿದೆ. ಹಾಗೆಯೇ ಪ್ಲಸ್ ಕಂಬದಿಂದ ರಿಲೇಗೆ, ರಿಲೇಯ ಈ ಬೋಲ್ಟಿನಿಂದ ಆ ಬೋಲ್ಟಿಗೆ, ಅಲ್ಲಿಂದ ಮೋಟಾರಿಗೆ ಹೆಜ್ಜೆ ಹೆಜ್ಜೆಯಾಗಿ ನೋಡುತ್ತ ಹೋದರೆ ಎಲ್ಲಿ ಸೋರುತ್ತಿದೆಯೋ ಅಲ್ಲಿ ಅಂಕಿ ಏರುತ್ತದೆ.

ನಮ್ಮ ಬೀದಿಗೆ ಹಾಲು ಹಾಕುವ ಹುಡುಗನ ಗಾಡಿಯಲ್ಲಿ ಹೀಗೇ ಆಗಿತ್ತು. ಎರಡು ಬ್ಯಾಟರಿ ಬದಲಾಗಿದ್ದವು. ಒಬ್ಬ ಹಿರಿಯ ಮೆಕ್ಯಾನಿಕ್ ಎಂಜಿನ್ನಿನ ಹಿಂದೆ ಕೈಹಾಕಿ ಅರ್ಥ್ ಬೋಲ್ಟ್ ಬಿಚ್ಚಿದರು. ಎಂಜಿನ್ನಿಗೆ ಹೊಸದಾಗಿ ಬಣ್ಣ ಹೊಡೆದಾಗ ಬೋಲ್ಟಿನ ಜಾಗಕ್ಕೂ ಬಳಿದಿದ್ದರು. ಉಪ್ಪುಕಾಗದದಿಂದ ಉಜ್ಜಿ ಲೋಹ ಬೆಳಗಿಸಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರು. ‘ಬ್ಯಾಟರಿ ಪಾಪ ಏನ್ ಮಾಡುತ್ತಪ್ಪಾ, ದಾರಿ ಬಂದಾದ್ರೆ’ ಎಂದರು. ಅವರು ಕೇಳಿದ ಕೂಲಿ ಒಂದು ಊಟದ ಬೆಲೆಯಷ್ಟೂ ಇರಲಿಲ್ಲ.

ಚಾರ್ಜ್ ಬರುತ್ತಿದೆಯೇ?

ಹೊಸ ಬ್ಯಾಟರಿ ಎರಡೇ ತಿಂಗಳಿಗೆ ಇಳಿದರೆ ಇನ್ನೊಂದು ಹೊಸದು ಕೊಳ್ಳುವ ಮೊದಲು ಎಂಜಿನ್ ಓಡುತ್ತಿರುವಾಗಿನ ವೋಲ್ಟೇಜ್ ನೋಡಲೇಬೇಕು. ಹೆಡ್‌ಲೈಟ್ ಹಾಕಿ ಆಕ್ಸಿಲರೇಟರ್ ತುಸು ಏರಿಸಿ ಹಿಡಿದಾಗ 13.5ರಿಂದ 14.5ರ ನಡುವೆ ಇರಬೇಕು. 12ರ ಆಸುಪಾಸಿನಿಂದ ಮೇಲೇಳದಿದ್ದರೆ ಚಾರ್ಜ್ ಇಲ್ಲ. ಮ್ಯಾಗ್ನೆಟ್ ಕಾಯಿಲ್ ಸುಟ್ಟಿರಬಹುದು, ಅದರ ವಿದ್ಯುತ್ತನ್ನು ಹದಗೊಳಿಸುವ ರೆಗ್ಯುಲೇಟರ್ ಹೋಗಿರಬಹುದು. ಅದಕ್ಕೂ ಮೊದಲು ಅವೆರಡರ ನಡುವಿನ ಕಪ್ಲರ್ ಬಿಚ್ಚಿ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದ್ದರೆ ರೋಗ ಅಲ್ಲೇ ಇದೆ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಅದು ಬ್ಯಾಟರಿಯನ್ನು ಕುದಿಸಿ ಒಣಗಿಸುತ್ತದೆ, ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಸುಡುತ್ತದೆ. ಬ್ಯಾಟರಿಯ ಪಕ್ಕೆ ಉಬ್ಬಿದ್ದರೆ ಅಥವಾ ಸೀಟಿನಡಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಈ ಅನುಮಾನ ಮೊದಲು ಬರಬೇಕು.

ಪದೇ ಪದೇ ಸೆಲ್ಫ್ ಹೊಡೆದರೆ ಬ್ಯಾಟರಿ ಖಾಲಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. 80 ಆಂಪಿಯರಿನಂತೆ ಎರಡು ಸೆಕೆಂಡ್ ಎಳೆದರೆ ಖರ್ಚಾಗುವುದು 0.05 ಆಂಪಿಯರ್–ಅವರ್‌ಗಿಂತಲೂ ಕಡಿಮೆ. ಒಂದು ಆಂಪಿಯರ್ ಚಾರ್ಜ್ ಬಂದರೂ ಮೂರು ನಿಮಿಷದಲ್ಲಿ ಮರಳಿ ತುಂಬುತ್ತದೆ. ನಿಜವಾದ ಸೋರಿಕೆ ಸಿಗ್ನಲ್‌ಗಳಲ್ಲಿ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲಲ್ಲೂ ಉರಿಯಬೇಕೆಂಬ ನಿಯಮವಿದೆ. 35 ವ್ಯಾಟಿನ ಬಲ್ಬೊಂದೇ ಸುಮಾರು ಮೂರು ಆಂಪಿಯರ್ ತಿನ್ನುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಕಾಯಿಲಿನಿಂದ ಬರುವುದು ಕಡಿಮೆ. ಇದರ ಮೇಲೆ ಬ್ರೇಕ್ ದೀಪ, ಇಂಡಿಕೇಟರ್, ಆಸೆಪಟ್ಟು ಹಾಕಿಸಿದ ಫಾಗ್ ಲೈಟ್. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಜಾಗದಲ್ಲಿ ದಿನವೂ ತೆವಳುವ ಗಾಡಿಗೆ ವಾರಕ್ಕೊಮ್ಮೆಯಾದರೂ ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಓಟ ಬೇಕು.

ಇನ್ನೊಂದು ಸೋರಿಕೆ ಗಾಡಿ ನಿಂತಾಗಿನದು. ಅಲಾರಂ, ಜಿಪಿಎಸ್ ಟ್ರ್ಯಾಕರ್ ಮುಂತಾದವು ಬೀಗ ಆಫ್ ಇದ್ದರೂ ಸ್ವಲ್ಪ ಸ್ವಲ್ಪ ಹೀರುತ್ತಿರುತ್ತವೆ. ಕೇವಲ 20 ಮಿಲಿ ಆಂಪಿಯರ್ ಎಂದುಕೊಳ್ಳಿ. ಹತ್ತು ದಿನಕ್ಕೆ 4.8 ಆಂಪಿಯರ್–ಅವರ್ ಆಯಿತು, 5 ಆಂಪಿಯರ್–ಅವರ್‌ನ ಬ್ಯಾಟರಿ ಅಲ್ಲಿಗೆ ಖಾಲಿ. ಊರಿಗೆ ಹೋಗಿ ಬಂದವರ ಗಾಡಿ ಎತ್ತದಿರುವುದಕ್ಕೆ ಇದು ಸಾಕು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಿದ್ದು ಗಾಡಿಗಳು ವಾರಗಟ್ಟಲೆ ನಿಂತಾಗ ಇದು ಮನೆಮನೆಯ ಅನುಭವವಾಯಿತು. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಡುಸಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಸಾಮರ್ಥ್ಯ ಬರುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಮೈನಸ್ ಕೇಬಲ್ ಕಳಚಿಡುವುದು ಒಳ್ಳೆಯದು.

ಬಯಲುಸೀಮೆಯ ಬಿಸಿಲು ಬ್ಯಾಟರಿಯನ್ನು ಒಳಗಿನಿಂದ ತಿನ್ನುತ್ತದೆ, ಮಲೆನಾಡು ಕರಾವಳಿಯ ಮಳೆ ಅದರ ಹೊರಗಿನ ಜೋಡಣೆಗಳನ್ನು ತಿನ್ನುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ತಾನಾಗಿ ಇಳಿಯುವುದೂ ಪ್ಲೇಟು ಸವೆಯುವುದೂ ಅದೇ ವೇಗದಲ್ಲಿ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ನೆರಳಿಗೆ ನಿಲ್ಲಿಸುವುದೇ ಬ್ಯಾಟರಿಗೆ ಮಾಡುವ ದೊಡ್ಡ ಉಪಕಾರ. ಆಗುಂಬೆಯ ಸೆರಗಿನಲ್ಲೋ ಮಂಗಳೂರಿನ ಉಪ್ಪುಗಾಳಿಯಲ್ಲೋ ಇರುವವರು ಮಳೆಗಾಲಕ್ಕೆ ಮುಂಚೆ ಟರ್ಮಿನಲ್‌ಗಳನ್ನು ಬಿಚ್ಚಿ, ಬಿಳಿ ಹಸಿರು ಕಿಲುಬನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ಗ್ರೀಸ್ ಸವರಿಡಬೇಕು.

ಮುಚ್ಚಳ ತೆಗೆಯುವ ಹಳೆಯ ಮಾದರಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರೂ ಬೇಡ, ಕುಡಿಯುವ ಆರ್‌ಒ ನೀರೂ ಬೇಡ, ಮೇಲೆ ಆಸಿಡ್ ಸುರಿಯುವುದಂತೂ ಬೇಡವೇ ಬೇಡ. ಆವಿಯಾಗುವುದು ನೀರು, ಆಸಿಡ್ ಅಲ್ಲೇ ಇರುತ್ತದೆ. ಸೀಲ್ ಮಾಡಿದ ಮಾದರಿಯನ್ನು ಯಾವ ಕಾರಣಕ್ಕೂ ತೆರೆಯಬಾರದು. ಚಾರ್ಜ್ ಮಾಡುವಾಗ ಸಾಮರ್ಥ್ಯದ ಹತ್ತನೇ ಒಂದು ಪಾಲು ಕರೆಂಟು ಸಾಕು, 5 ಆಂಪಿಯರ್–ಅವರ್‌ನದ್ದಕ್ಕೆ ಅರ್ಧ ಆಂಪಿಯರ್. ಒಂದು ಗಂಟೆಯಲ್ಲಿ ಕೊಡುತ್ತೇನೆ ಎನ್ನುವ ಅಂಗಡಿಯಲ್ಲಿ ಲಾರಿಯ ಬ್ಯಾಟರಿಗಳ ಸಾಲಿಗೆ ನಿಮ್ಮದನ್ನೂ ಸಿಕ್ಕಿಸುತ್ತಾರೆ, ಅದು ಬೆಂದುಹೋಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಹತ್ತಿರ ಬೆಂಕಿ ಬೀಡಿ ಕೂಡದು. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಪ್ಲಸ್ ಮೊದಲು. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಫ್ರೇಮಿಗೆ ತಾಗಿ ಕಿಡಿ ಹಾರುತ್ತದೆ. ಕಾರಿನ ಬ್ಯಾಟರಿಯಿಂದ ವೈರ್ ಎಳೆದು ಸ್ಟಾರ್ಟ್ ಮಾಡುವ ಸಂದರ್ಭ ಬಂದರೆ ಕಾರಿನ ಎಂಜಿನ್ ಆಫ್ ಆಗಿರಲಿ. ಕೊನೆಯ ಮೈನಸ್ ತುದಿಯನ್ನು ಬೈಕಿನ ಬ್ಯಾಟರಿಗೆ ಕೊಡದೆ ಎಂಜಿನ್ನಿನ ಲೋಹಕ್ಕೆ ಹಿಡಿಯಿರಿ.

ಇಷ್ಟೆಲ್ಲ ನೋಡಿಯೂ ಬ್ಯಾಟರಿಯೇ ಮುಗಿದಿದೆ ಎಂದಾದರೆ, ಮೂರು ನಾಲ್ಕು ವರ್ಷ ದುಡಿದಿದ್ದರೆ ಅದು ನ್ಯಾಯವಾದ ಸಾವು, ಹೊಸದು ಕೊಳ್ಳಲೇಬೇಕು. ಕೊಳ್ಳುವಾಗ ಮೇಲಿನ ತಯಾರಿಕೆಯ ತಿಂಗಳು ನೋಡಿ, ಅಂಗಡಿಯಲ್ಲೇ ಆರು ತಿಂಗಳು ಕೂತದ್ದು ಬೇಡ. ಆಸಿಡ್ ತುಂಬಿ ಕೊಡುವ ಮಾದರಿಯಾದರೆ ತುಂಬಿದ ಕೂಡಲೇ ಗಾಡಿಗೆ ಹಾಕಲು ಬಿಡಬೇಡಿ. ಆಗ ಅದರಲ್ಲಿ ಪೂರ್ತಿ ಚಾರ್ಜ್ ಇರುವುದಿಲ್ಲ. ಕೆಲವು ಗಂಟೆಗಳ ಮೊದಲ ಚಾರ್ಜ್ ಆಗಲೇಬೇಕು, ಮರುದಿನ ಬರುತ್ತೇನೆ ಎಂದು ಹೇಳಿ ಬನ್ನಿ.

ಹಳೆಯದನ್ನು ಅಂಗಡಿಯವರಿಗೇ ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ತಳ್ಳುಗಾಡಿಯ ಗುಜರಿಗೆ ಕೊಟ್ಟರೆ ಅದು ಯಾವುದೋ ಹಿತ್ತಲಿನ ಒಲೆಯಲ್ಲಿ ಕರಗುವ ಸಾಧ್ಯತೆ ಇದೆ, ಆಸಿಡ್ ಚರಂಡಿಗೆ ಹರಿಯುತ್ತದೆ, ಸೀಸದ ಹೊಗೆ ಅಕ್ಕಪಕ್ಕದ ಮಕ್ಕಳ ರಕ್ತಕ್ಕೆ ಸೇರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದೇಶವನ್ನು ಎಚ್ಚರಿಸುತ್ತ ದಶಕಗಳನ್ನೇ ಕಳೆದರು. ಮಕ್ಕಳ ಬುದ್ಧಿ ಬೆಳವಣಿಗೆಗೆ ಸೀಸ ಮಾಡುವ ಹಾನಿ ಮರಳಿ ಸರಿಪಡಿಸಲಾಗದ್ದು. ಹಳೆಯ ಬ್ಯಾಟರಿಯ ಸೀಸಕ್ಕೆ ಬೆಲೆಯಿದೆ, ಆ ಮೊತ್ತವನ್ನು ಹೊಸದರ ಬೆಲೆಯಲ್ಲಿ ಕಳೆದು ಬಿಲ್ಲಿನಲ್ಲಿ ಬರೆದುಕೊಡಲು ಕೇಳಿ. ವಾರಂಟಿ ಕಾರ್ಡಿಗೆ ಅದೇ ದಿನದ ತಾರೀಖು, ಅಂಗಡಿಯ ಮೊಹರು ಎರಡೂ ಹಾಕಿಸಿಕೊಳ್ಳಿ.